ಕೆಂಪು ಗುರುತಿನ ಆರುನೂರು ಬಾಟಲಿ

ಭೋರ್,
೧೪ ಸೆಪ್ಟೆಂಬರ್ ೨೦೦೦

ಸ್ವಸ್ತಿ ಶ್ರೀ ಸಮಸ್ತ ಪಡುಬಿದ್ರಿ ಪುರವರಾಧೀಶ್ವರಿ, ಮೂವತ್ತೆಂಟು ವರ್ಷ ಹಿರಿಯ ಪ್ರಾಥಮಿಕ ಶಾಲೆಯ ಮರದ ಕುರ್ಚಿಯನ್ನು ಸಿಂಹಾಸನವಾಗಿ ಆಳಿದ, ಸಾವಿರಾರು ಕಿವಿಗಳನ್ನು ಹಿಂಡಿ ನಾಡಿಗೆ ಬೆಳಕು ಕೊಟ್ಟ, ಕೆಂಪುಶಾಯಿ ಚಕ್ರವರ್ತಿನಿ, ನಿವೃತ್ತರಾದರೂ ಬೆತ್ತ ಕೆಳಗಿಡದ ಶ್ರೀ ಹರಿಣಾಕ್ಷಿ ಅತ್ತೆಯವರ ಪಾದಾರವಿಂದಗಳಿಗೆ, ಭೋರ್ ಸಂಸ್ಥಾನದ ಗಡಿಯಲ್ಲಿ ಬಾಟಲಿಗಳ ನಡುವೆ ದೇಶಭ್ರಷ್ಟನಾಗಿ ಬಿದ್ದಿರುವ ಸೋದರಳಿಯ ಪ್ರಜ್ವಲನ ಸಾಷ್ಟಾಂಗ ನಮಸ್ಕಾರಗಳು.

ಬಿ.ಕಾಂ.ನಲ್ಲಿ ಎರಡು ವಿಷಯಗಳು ನನ್ನ ಕೈಬಿಟ್ಟ ಸಂಗತಿ ತಮಗೆ ತಿಳಿದೇ ಇದೆ. ಅಮ್ಮ ಪುಣೆಯ ಯೆರವಡಾದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು, ಇವನು ಇಲ್ಲಿದ್ದರೆ ಗಿರಾಕಿಗಳ ಚಪ್ಪಲಿ ಅದಲುಬದಲು ಮಾಡುತ್ತಾನೆ ಎಂದು ತೀರ್ಪಿತ್ತದ್ದರಿಂದ ಜೂನ್ ತಿಂಗಳಿಂದ ನಾನು ಅಪ್ಪನ ಜೊತೆ ದ್ರಾಕ್ಷಿತೋಟದಲ್ಲಿದ್ದೇನೆ. ಮನೆಗೆ ಫೋನು ಬೇಡವೆಂದು ತಾವು ಹಟ ಹಿಡಿದಿರುವುದರಿಂದ ಈ ವರದಿಯನ್ನು ಅಂಚೆಯಲ್ಲಿ ಸಲ್ಲಿಸುತ್ತಿದ್ದೇನೆ.

ಇಲ್ಲಿ ತಯಾರಾಗುವುದು ಗುಳ್ಳೆಯೇಳುವ ವೈನು. ಕ್ರಮ ಫ್ರಾನ್ಸಿನದು, ದ್ರಾಕ್ಷಿ ಮಾತ್ರ ಈ ಕಡೆಯದೇ, ಭೋಕರಿ. ಸಿಪ್ಪೆ ದಪ್ಪ, ರುಚಿ ಹುಳಿ, ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಸುತ್ತಲಿನವರೆಲ್ಲ ಭೋಕರಿ ಕಿತ್ತು ಬೀಜವಿಲ್ಲದ ದ್ರಾಕ್ಷಿ ಹಾಕುವಾಗ ಅಪ್ಪ ಈ ಹಳೆಯ ತೋಟ ಕೊಂಡರು. ಹೋದ ವರ್ಷ ಏಪ್ರಿಲ್‌ನಲ್ಲಿ ವೈನಿಗೆ ಒಂದಿಷ್ಟು ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ ಸಾವಿರದ ಎಂಟುನೂರು ಬಾಟಲಿಗೆ ತುಂಬಿ ಬಿರಡೆ ಜಡಿದರು. ಅದು ಬಾಟಲಿಯೊಳಗೇ ಎರಡನೇ ಸಲ ಹುದುಗಿ ಗುಳ್ಳೆ ಅಲ್ಲೇ ಸೆರೆಯಾಗಬೇಕು. ಮೂರು ದಿನ ತುಂಬಿದ್ದಕ್ಕೆ ಮೂರು ಬಣ್ಣದ ಗುರುತು ತಳದಲ್ಲಿ: ಮೊದಲ ದಿನದ್ದು ಕೆಂಪು, ಮರುದಿನ ಬಿಳಿ, ಕೊನೆಗೆ ನೀಲಿ.

ಈಗ ಒಳಗಿನ ಮಡ್ಡಿಯನ್ನು ಬಾಯಿಗೆ ಇಳಿಸುವ ಕೆಲಸ. ತೂತು ಕೊರೆದ ಹಲಗೆಯಲ್ಲಿ ಬಾಟಲಿಗಳು ತಲೆಕೆಳಗಾಗಿ ಸಿಕ್ಕಿಕೊಂಡಿವೆ. ದಿನಕ್ಕೊಮ್ಮೆ ಒಂದೊಂದನ್ನೂ ಹಿಡಿದು ವೃತ್ತದ ಎಂಟನೇ ಒಂದು ಪಾಲು ತಿರುಗಿಸಬೇಕು. ಹೆಚ್ಚಾದರೆ ಮಡ್ಡಿ ಎದ್ದುಬಿಡುತ್ತದೆ, ಕಡಿಮೆಯಾದರೆ ಅಂಟಿ ಕೂರುತ್ತದೆ. ಈ ಕೆಲಸ ಸಾಬವ್ವನದು. ಯಾದಗಿರಿ ಕಡೆಯವಳು. ಗಂಡ ಭೀಮಣ್ಣ ವಿಮಾನ ನಗರದಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಇವಳೂ ಮೊದಲು ಅಲ್ಲೇ ಇಟ್ಟಿಗೆ ಹೊರುತ್ತಿದ್ದಳು. ಇಲ್ಲಿ ಒಂದು ಕೋಣೆ ಸಿಕ್ಕಿತು, ಮಗಳು ದುರ್ಗಾ ಭೋರಿನ ಶಾಲೆಗೆ ಸೇರಿದಳು, ಈಗ ಮೂರನೆಯ ಇಯತ್ತೆ. ಸಾಬವ್ವ ಎರಡೂ ಕೈಯಲ್ಲಿ ಒಟ್ಟೊಟ್ಟಿಗೆ ತಿರುಗಿಸುತ್ತ ಹೋಗುವುದನ್ನು ನೋಡಿದರೆ ತಾವು ಕೂಡ ಕೆಂಪುಶಾಯಿ ಕೆಳಗಿಡುತ್ತೀರಿ.

ಪ್ರಕೃತ ವಿಷಯ. ದೀಪಾವಳಿಗೆ ಮೊದಲ ಬಾಟಲಿ ಬಿಚ್ಚಬೇಕು, ಅದು ಅಕ್ಕನ, ಅಂದರೆ ತಮ್ಮ, ಕೈಯಿಂದಲೇ ಆಗಬೇಕು ಎಂದು ಅಪ್ಪನ ಆಸೆ. ಬಾಯಿಬಿಟ್ಟು ಹೇಳಿಲ್ಲ. "ಅಕ್ಕನಿಗೆ ದೀಪಾವಳಿಗೆ ರಜೆ ಉಂಟಾ ಅಂತ ಕೇಳು" ಎಂದರು. ನಿವೃತ್ತರಿಗೆ ಎಂಥ ರಜೆ ಎಂದು ನಾನು ಕೇಳಲಿಲ್ಲ.

ರುಚಿಯ ವಿಷಯ ಹೇಳುವುದಾದರೆ, ಮೊನ್ನೆ ನೀಲಿ ಗುರುತಿನದೊಂದನ್ನು ಅಪ್ಪ ಬಿಚ್ಚಿ ಒಂದು ಲೋಟ ನನ್ನ ಕೈಗೂ ಕೊಟ್ಟರು. ಹಾಲುಗಟ್ಟಿದ ಹಸಿ ಜೋಳದ ತೆನೆ ಅಗಿದಾಗಿನ ತಂಪು, ಆಮೇಲೆ ಹುಣಸೆ ಚಿಗುರಿನ ಹುಳಿ. ಈ ಬಗೆಗೆ ಸಂಸ್ಥಾನದ ಪ್ರಧಾನ ರುಚಿಪಂಡಿತನ ಅಭಿಪ್ರಾಯ ಇಷ್ಟು.

ತಮ್ಮ ಆಜ್ಞಾನುವರ್ತಿ,
ಪ್ರಜ್ವಲ

—

ಪಡುಬಿದ್ರಿ,
೨೫ ಸೆಪ್ಟೆಂಬರ್ ೨೦೦೦

ಚಿ. ಪ್ರಜ್ವಲನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಹದಿನಾಲ್ಕು ತಪ್ಪು. ಪಾದಾರವಿಂದ ಒಂದೇ ಸರಿಯಾಗಿದೆ. ಅದು ಯಾವುದೋ ಮದುವೆ ಕಾಗದ ನೋಡಿ ಬರೆದದ್ದೆಂದು ನನಗೆ ಗೊತ್ತು.

ದೀಪಾವಳಿಗೆ ಬರಲಾಗುವುದಿಲ್ಲ. ಕಾರಣ ನಿನ್ನ ಅಪ್ಪನಿಗೆ ತಿಳಿದದ್ದೇ. ನಮ್ಮ ಮನೆಯಿಂದ ಒಂದು ವಾಸನೆ ಹೊರಗೆ ಹೋಗಲು ನಲವತ್ತು ವರ್ಷ ಹಿಡಿಯಿತು. ಅವನು ದುಡ್ಡು ಕೊಟ್ಟು ಅದನ್ನು ಮತ್ತೆ ಒಳಗೆ ತಂದುಕೊಂಡಿದ್ದಾನೆ. ತರಲಿ, ಅವನ ತೋಟ, ಅವನ ಇಷ್ಟ. ನನ್ನ ಕೈ ಏಕೆ ಬೇಕು?

ಆ ಹೆಂಗಸಿಗೆ ವಾರಕ್ಕೊಂದು ದಿನ ಬಿಡುವು ಉಂಟೋ ಇಲ್ಲವೋ ಬರೆ. ದಿನಕ್ಕೊಮ್ಮೆ ತಿರುಗಿಸಬೇಕು ಎಂದರೆ ಭಾನುವಾರವೂ ಎಂದಲ್ಲವೆ? ಮಗುವಿಗೆ ಪುಸ್ತಕ ಏನಾದರೂ ಬೇಕಿದ್ದರೂ ಬರೆ. ಮರಾಠಿ ಶಾಲೆಯಾದರೂ ಲೆಕ್ಕ ಎಲ್ಲ ಕಡೆ ಒಂದೇ.

ಹಸಿ ಜೋಳದ ತೆನೆಯನ್ನು ನೀನು ಯಾವಾಗ ಅಗಿದೆ? ನೀನು ಹೊಲ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಹರಿಣಾಕ್ಷಿ

—

ಭೋರ್,
೯ ಅಕ್ಟೋಬರ್ ೨೦೦೦

ಇತ್ಯಾದಿ ಬಿರುದಾಂಕಿತ ಅತ್ತೆಯವರಿಗೆ,

ಬಿರುದುಗಳನ್ನು ಈ ಸಲ ಸಂಕ್ಷೇಪಿಸಿದ್ದಕ್ಕೆ ಕ್ಷಮೆಯಿರಲಿ. ಸಂಸ್ಥಾನಕ್ಕೆ ವಿಪತ್ತು ಬಂದಿದೆ.

ಮೊನ್ನೆ ಶುಕ್ರವಾರ ಪರೀಕ್ಷೆಗೆಂದು ಪ್ರತಿ ಬಣ್ಣದಲ್ಲೂ ಹತ್ತು ಬಾಟಲಿ ಬಿಚ್ಚಿದೆವು. ಬಿಚ್ಚುವ ಕ್ರಮ ಹೀಗೆ: ಬಾಟಲಿಯ ಕೊರಳನ್ನು ಉಪ್ಪು ಹಾಕಿದ ಮಂಜುಗಡ್ಡೆಯಲ್ಲಿ ಅದ್ದಿದರೆ ಅಲ್ಲಿ ಕೂತ ಮಡ್ಡಿ ಹೆಪ್ಪುಗಟ್ಟುತ್ತದೆ. ಬಿರಡೆ ಎಬ್ಬಿಸಿದರೆ ಅದೊಂದೇ ಟಪ್ಪೆಂದು ಹಾರಿ, ಕೊನೆಗೆ ಸಿಹಿ ಬೆರೆಸುವುದಕ್ಕೆ ತಿಳಿ ವೈನು ಉಳಿಯಬೇಕು. ನೀಲಿ ಉಳಿಯಿತು. ಬಿಳಿಯೂ ಉಳಿಯಿತು. ಕೆಂಪು ಗುರುತಿನ ಮೊದಲ ಬಾಟಲಿ ಬಿಚ್ಚಿದ ಕೂಡಲೇ ಇಡೀ ವೈನು ನೊರೆಯಾಗಿ ಎದ್ದು ಅಪ್ಪನ ಕನ್ನಡಕ, ಮೀಸೆ, ಹೊಸ ಅಂಗಿ ಎಲ್ಲಕ್ಕೂ ಅಭಿಷೇಕ ಮಾಡಿತು. ನಾನು ನಕ್ಕೆ. ಎರಡನೆಯದೂ ಹಾಗೇ. ಐದನೆಯದರ ಹೊತ್ತಿಗೆ ನಗುವುದು ಬಿಟ್ಟೆ. ಹತ್ತೂ ಅರ್ಧರ್ಧ ಖಾಲಿ. ಉಳಿದರ್ಧದಲ್ಲಿ ಸಣ್ಣ ಮರಳಿನಂಥದ್ದು, ಗಾಜಿನ ಒಳಮೈಗೂ ಹತ್ತಿಕೊಂಡಿದೆ. ಕೆಂಪು ಗುರುತಿನವು ಒಟ್ಟು ಆರುನೂರು.

ಅಪ್ಪ ಯೋಚಿಸಿದರು. ಮೂರು ದಿನವೂ ವೈನು ಅದೇ, ಸಕ್ಕರೆ ಅದೇ, ಯೀಸ್ಟೂ ಅದೇ. ಬೇರೆ ಇದ್ದದ್ದು ಒಂದೇ. ಮೊದಲ ದಿನದ ಬಾಟಲಿಗಳನ್ನೆಲ್ಲ ಸಾಬವ್ವ ಒಬ್ಬಳೇ ತೊಳೆದಿದ್ದಳು, ಮಿಕ್ಕ ಎರಡು ದಿನ ಊರಿನ ಹೆಂಗಸರೂ ಇದ್ದರು. ಇವಳು ಸೋಡಾಪುಡಿ ಹಾಕಿ ತೊಳೆದು ಸರಿಯಾಗಿ ಜಾಲಾಡಿಸಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಹೋಟೆಲಿನಲ್ಲಿ ನಲವತ್ತು ವರ್ಷ ಲೋಟ ತೊಳೆಸಿದವರಿಗೆ ಇದು ಮೊದಲು ಹೊಳೆಯುವ ತಪ್ಪು.

ಸಾಬವ್ವ ಅಳಲಿಲ್ಲ. "ನಾ ಬರೇ ನೀರಾಗ ತೊಳದೀನ್ರಿ. ಪುಡಿ ಮುಟ್ಟಿಲ್ಲ" ಎಂದಳು. ಅಪ್ಪ ದನಿ ಏರಿಸಲಿಲ್ಲ, ಬೈಯಲೂ ಇಲ್ಲ. ಅದೇ ಕೆಟ್ಟದ್ದು. ದುರ್ಗಾಳ ಶಾಲೆಗೆ ದೀಪಾವಳಿ ರಜೆ ಬೀಳುವವರೆಗೆ ಇರು, ಆಮೇಲೆ ಬೇರೆ ಕಡೆ ನೋಡಿಕೋ ಎಂದರು. ಬೇರೆ ಕಡೆ ಎಂದರೆ ವಿಮಾನ ನಗರದ ತಗಡಿನ ಶೆಡ್ಡು, ತಲೆಯ ಮೇಲೆ ಇಟ್ಟಿಗೆ. ಅಲ್ಲಿ ಹತ್ತಿರ ಶಾಲೆ ಇಲ್ಲ. ದುರ್ಗಾ ಇನ್ನೂ ಏನೂ ತಿಳಿಯದೆ ನನಗೆ ಹದಿಮೂರರ ಮಗ್ಗಿ ಒಪ್ಪಿಸುತ್ತಾಳೆ. ಹದಿಮೂರರದ್ದು ನನಗೇ ಬರುವುದಿಲ್ಲವಾದ್ದರಿಂದ ಶಹಬ್ಬಾಸ್ ಅನ್ನುತ್ತೇನೆ.

ನಿಮಗೆ ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆ ಎಂದರೆ, ಅಪ್ಪ ಯಾರ ಮಾತನ್ನಾದರೂ ಕೇಳುವುದಿದ್ದರೆ ಅದು ನಿಮ್ಮದನ್ನು. ನಿಮಗೆ ಈ ವಾಸನೆ ಆಗುವುದಿಲ್ಲವೆಂದು ಗೊತ್ತು. ಮೂಗು ಮುಚ್ಚಿಕೊಂಡು ಒಂದು ಸಾಲು ಬರೆಯಿರಿ.

ಇನ್ನೊಂದು. ಕೆಂಪಿನಲ್ಲಿ ಉಳಿದದ್ದರ ರುಚಿ: ಹುಳಿ ಸತ್ತಿದೆ, ಚಪ್ಪೆ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆಯ ತುದಿ ಹೇಗೆ ಜೋಮು ಹಿಡಿಯುತ್ತದೋ ಹಾಗೆ. ಅಪ್ಪನಿಗೆ ಇದನ್ನು ಹೇಳಿಲ್ಲ. ಅವರು ಕೆಂಪನ್ನು ಬಾಯಿಗೇ ಇಟ್ಟಿಲ್ಲ, ಸಿಟ್ಟಿನಲ್ಲಿ.

ಪ್ರಜ್ವಲ

—

ಪಡುಬಿದ್ರಿ,
೧೭ ಅಕ್ಟೋಬರ್ ೨೦೦೦

ಪ್ರಜ್ವಲ,

ನಿನ್ನ ಪತ್ರ ತಿದ್ದಿಲ್ಲ. ಸಮಯವಿಲ್ಲ.

ಅಪ್ಪನನ್ನು ಒಂದೇ ಪ್ರಶ್ನೆ ಕೇಳು. ನಾನು ಕೇಳಿದ್ದೆಂದೇ ಹೇಳು. ಮೊದಲ ದಿನದ ಬಾಟಲಿಗಳಿಗೆ ಅವನು ಸುಣ್ಣ ತೋರಿಸಿದ್ದಾನೋ?

ಇದೇ ಮಾತಿನಲ್ಲಿ ಕೇಳಬೇಕು. ಅವನಿಗೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ಆ ಹೆಂಗಸನ್ನು ಕಳಿಸಕೂಡದು.

ಹರಿಣಾಕ್ಷಿ

—

ಭೋರ್,
೩೦ ಅಕ್ಟೋಬರ್ ೨೦೦೦

ಅತ್ತೆ,

ನಿಮ್ಮ ಪತ್ರ ಇವತ್ತು ಬಂತು. ದೀಪಾವಳಿಗೆ ಅಂಚೆಯವರೂ ಮನುಷ್ಯರು. ಸಾಬವ್ವ ಇಪ್ಪತ್ತೈದಕ್ಕೇ ಹೊರಟುಹೋದಳು. ಭೀಮಣ್ಣ ಬಂದು ಟ್ರಂಕು ಹೊತ್ತ. ದುರ್ಗಾ ರಜೆಗೆ ಹೋಗುತ್ತಿದ್ದೇನೆಂದು ಖುಷಿಯಲ್ಲಿದ್ದಳು, ಪಾಟಿಚೀಲ ಇಲ್ಲೇ ಬಿಟ್ಟು ಹೋಗಿದ್ದಾಳೆ. ವಾಪಸು ಬರುವವರು ಬಿಟ್ಟು ಹೋಗುವ ಹಾಗೆ.

ಬಾಟಲಿ ತಿರುಗಿಸುವ ಪದವಿ ಈಗ ನನ್ನದು. ಸಾವಿರದ ಚಿಲ್ಲರೆ ಬಾಟಲಿ, ಎರಡು ಮೊಣಕೈ. ನಿನ್ನೆ ಎರಡು ಸಾಲು ಎಡಕ್ಕೆ ತಿರುಗಿಸಿದೆನೋ ಬಲಕ್ಕೋ ಮರೆತು ಎರಡೂ ಕಡೆ ತಿರುಗಿಸಿ ಸಮಾಧಾನ ಮಾಡಿಕೊಂಡೆ. ತಿಳಿಯಾಗಿದ್ದ ಬಿಳಿ ಗುರುತಿನವು ಈಗ ಮಬ್ಬಾಗಿವೆ.

ಪ್ರಶ್ನೆ ಕೇಳಿದೆ. ಅಪ್ಪ ಊಟಕ್ಕೆ ಕೂತಿದ್ದರು. ನೀವು ಹೇಳಿದ ಮಾತಿನಲ್ಲೇ ಕೇಳಿದೆ. ತುತ್ತು ಎತ್ತಿದ ಕೈ ಅಲ್ಲೇ ನಿಂತಿತು.

"ಅದು ತೊಳೆದದ್ದಲ್ಲ ಮಾರಾಯ" ಎಂದರು. "ಅದು ಅಪ್ಪನ ಕ್ರಮ."

ಮತ್ತೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಹೊಸ ಮಡಕೆಗೆ ಸುಣ್ಣ ತೋರಿಸದೆ ಅಜ್ಜ ಮರ ಹತ್ತುತ್ತಿರಲಿಲ್ಲವಂತೆ. ಆದ್ದರಿಂದ ಮೊದಲ ದಿನ, ಸಾಬವ್ವ ತೊಳೆದು ಕವುಚಿಟ್ಟು ಹೋದ ಮೇಲೆ, ಇವರೊಬ್ಬರೇ ಕೂತು ಆರುನೂರು ಬಾಟಲಿಗೂ ಒಂದೊಂದು ಗುಟುಕು ಸುಣ್ಣದ ನೀರು ಹಾಕಿ ಸುತ್ತಿಸಿ ಚೆಲ್ಲಿದ್ದಾರೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಜ್ಜನ ಕಸುಬು ಹೇಳಬೇಕಾಗುತ್ತಿತ್ತು. ಅತ್ತೆ, ಅಜ್ಜನಿಗೆ ತೆಂಗಿನತೋಟ ಇತ್ತು ಎಂದಷ್ಟೇ ನನಗೆ ಇದುವರೆಗೆ ಗೊತ್ತಿದ್ದದ್ದು. ಅವರು ಬೇರೆಯವರ ಮರ ಹತ್ತಿ ಕಳ್ಳು ಇಳಿಸುತ್ತಿದ್ದರೆಂದು ಇವತ್ತು, ನನಗೆ ಇಪ್ಪತ್ತು ತುಂಬಿದ ಮೇಲೆ, ಸಾರು ಅನ್ನದ ಮುಂದೆ ತಿಳಿಯಿತು.

ಆದರೂ ಅಪ್ಪ ಒಪ್ಪುತ್ತಿಲ್ಲ. ಸುಣ್ಣ ಕ್ರಿಮಿ ಕೊಲ್ಲುತ್ತದೆ, ಪಾತ್ರೆ ಶುದ್ಧ ಮಾಡುತ್ತದೆ, ಅದರಿಂದ ಕೆಡುವುದು ಹೇಗೆ ಎನ್ನುತ್ತಾರೆ. ಅಪ್ಪ ಮಾಡಿದ್ದು ತಪ್ಪೇ ಎಂದು ಕೇಳಿದರು. ಯಾರ ಅಪ್ಪ ಎಂದು ನಾನು ಕೇಳಲಿಲ್ಲ.

ಪ್ರಜ್ವಲ

—

ಪಡುಬಿದ್ರಿ,
೯ ನವೆಂಬರ್ ೨೦೦೦

ಚಿ. ಪ್ರಜ್ವಲ,

ಇದನ್ನು ನಿನ್ನ ಅಪ್ಪ ಮೋಹನದಾಸನ ಎದುರು ಕೂತು ಗಟ್ಟಿಯಾಗಿ ಓದು.

ತಮ್ಮಾ, ಅಪ್ಪ ಮಾಡಿದ್ದು ತಪ್ಪಲ್ಲ. ನೀನು ನೋಡಿದ್ದು ಅರ್ಧ. ನಮ್ಮಲ್ಲಿ ಎರಡು ಬಗೆಯ ಮಡಕೆ ಇದ್ದವು. ಕುಡಿಯುವವರಿಗೆ ಹೋಗುವ ಕಳ್ಳಿನ ಮಡಕೆಗೆ ಅಪ್ಪ ಎಂದೂ ಸುಣ್ಣ ಮುಟ್ಟಿಸುತ್ತಿರಲಿಲ್ಲ. ಸುಣ್ಣ ಬಳಿಯುತ್ತಿದ್ದದ್ದು ಬೆಲ್ಲಕ್ಕೆ ಹೋಗುವ ಮಡಕೆಗೆ ಮಾತ್ರ. ರಸ ಹುದುಗದೆ ಸಿಹಿಯಾಗಿಯೇ ಇರಲಿ ಎಂದು, ಹುದುಗು ಬಾರದಂತೆ ತಡೆಯಲು. ಅದನ್ನು ಬಳಿಯುವ ಕೆಲಸ ನನ್ನದಾಗಿತ್ತು. ಶಾಲೆಗೆ ಹೋಗುವ ಮೊದಲು ಹನ್ನೆರಡು ಮಡಕೆ, ಒಳಗಡೆ ಕೈ ಹಾಕಿ. ಉಗುರಿನ ಸಂದಿಯ ಬಿಳಿ ಹೋಗುತ್ತಿರಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕದ ಹುಡುಗಿ ಸರಿದು ಕೂರುತ್ತಿದ್ದಳು. ಕೈಯನ್ನು ಲಂಗದ ಅಡಿಯಲ್ಲಿ ಇಟ್ಟುಕೊಂಡು ನಾನು ಏಳನೆಯ ತರಗತಿ ಮುಗಿಸಿದೆ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಿನಗೆ ಗೊತ್ತಿರುತ್ತಿತ್ತು. ಹನ್ನೆರಡು ವರ್ಷಕ್ಕೇ ನಿನ್ನನ್ನು ಪುಣೆಗೆ ಲೋಟ ತೊಳೆಯಲು ಕಳಿಸಿದರು, ಎರಡು ಮಡಕೆಯ ವ್ಯತ್ಯಾಸ ನಿನಗೆ ಕಲಿಸುವವರು ಯಾರು? ನಾನಿದ್ದೆ. ನನಗೆ ಅದನ್ನು ಮರೆಯುವುದೇ ಬೇಕಿತ್ತು.

ಹುಳಿಯೂ ಸುಣ್ಣವೂ ಸೇರಿದರೆ ಏನಾಗುತ್ತದೆಂದು ಏಳನೆಯವರಿಗೆ ವಿಜ್ಞಾನ ಪಾಠದಲ್ಲಿ ಕಲಿಸಿದ್ದೇನೆ. ನಿನ್ನ ಬಾಟಲಿಯಲ್ಲಿರುವ ಮರಳು ಅದೇ. ಗಾಜಿಗೆ ಹತ್ತಿ ಉಳಿದ ಸುಣ್ಣ ಹುದುಗು ತಡೆಯುವಷ್ಟಿರಲಿಲ್ಲ, ಆದರೆ ಹುಳಿಯನ್ನು ತಿಂದಿತು, ಅದರಿಂದ ಚಪ್ಪೆ. ಗುಳ್ಳೆಗೆ ಮರಳಿನ ಕಣ ಸಿಕ್ಕಿದರೆ ನೊರೆ ಉಕ್ಕುವುದು ಸಹಜ. ಸೋಡಾ ಬಾಟಲಿಗೆ ಚಿಟಿಕೆ ಉಪ್ಪು ಹಾಕಿ ನೋಡು.

ತೊಳೆದವಳ ತಪ್ಪಿಲ್ಲ. ನಿನ್ನ ತಪ್ಪೂ ನನ್ನ ತಪ್ಪೂ ಸೇರಿ ಅವಳ ತಲೆಗೆ ಹೋಗಿದೆ. ನೀನೇ ಹೋಗಬೇಕು, ಯಾರನ್ನೂ ಕಳಿಸಬೇಡ. ಅವಳು ಮರಳಿ ಬಂದಳೆಂದು ಪ್ರಜ್ವಲ ಬರೆದ ದಿನ ನಾನು ಟಿಕೇಟು ಮಾಡಿಸುತ್ತೇನೆ. ಅವಳಿಲ್ಲದ ಜಾಗದಲ್ಲಿ ನನ್ನ ಕೈಗೆ ಕೆಲಸವಿಲ್ಲ.

ಇನ್ನು ಪ್ರಜ್ವಲನ ವಿಷಯ. ಒಂದು ತೊಟ್ಟಿನಲ್ಲಿ ಸುಣ್ಣ ಗುರುತಿಸುವ ನಾಲಿಗೆ ಸುಲಭಕ್ಕೆ ಸಿಗುವುದಿಲ್ಲ. ಅಪ್ಪನಿಗೆ ಅದು ಇತ್ತು. ಕಳ್ಳು ಯಾವ ಮರದ್ದು ಎಂದು ಹೇಳುತ್ತಿದ್ದರು. ನೀವು ಕೊನೆಗೆ ಬಾಟಲಿಗೆ ಸಿಹಿ ಬೆರೆಸುತ್ತೀರಂತೆ, ಎಷ್ಟು ಎಂದು ನೋಡುವ ಕೆಲಸ ಇವನಿಗೆ ಕೊಡು. ಇವನನ್ನು ನಾನು ಬರಿಯ ತಲೆಹರಟೆ ಎಂದುಕೊಂಡಿದ್ದೆ. ಮಾತು ಹಿಂದೆ ತೆಗೆದುಕೊಳ್ಳುತ್ತೇನೆ.

ನಿನ್ನ ಅಕ್ಕ,
ಹರಿಣಾಕ್ಷಿ

—

ಭೋರ್,
೨೪ ನವೆಂಬರ್ ೨೦೦೦

ಅತ್ತೆಯವರಿಗೆ,

ಟಿಕೇಟು ಮಾಡಿಸಿ. ಸಾಬವ್ವ ಬಂದಳು.

ನಿಮ್ಮ ಪತ್ರ ಓದುವಾಗ ಲಂಗದ ಸಾಲಿಗೆ ಬಂದ ಕೂಡಲೇ ಅಪ್ಪ ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತರು. ಮುಗಿಯುವವರೆಗೂ ಹಾಗೇ ನಿಂತಿದ್ದರು. ಆಮೇಲೆ ಒಂದು ಕೆಂಪು ಬಾಟಲಿ ಬಿಚ್ಚಿ ಉಳಿದದ್ದನ್ನು ಮೊದಲ ಸಲ ಬಾಯಿಗೆ ಇಟ್ಟು, "ಹೌದು" ಎಂದರು. ಮರುದಿನ ಬೆಳಗ್ಗೆ ಇಬ್ಬರೂ ವಿಮಾನ ನಗರಕ್ಕೆ ಹೋದೆವು. ಭೀಮಣ್ಣ ಯಾವ ಕಟ್ಟಡದಲ್ಲಿದ್ದಾನೆಂದು ಗೊತ್ತಿರಲಿಲ್ಲ. ಆ ಕಡೆ ಈಗ ಎಲ್ಲ ಕಡೆಯೂ ಕಟ್ಟಡ. ಎಂಟು ಕಡೆ ವಿಚಾರಿಸಿದೆವು, ಅಪ್ಪ ಮರಾಠಿಯಲ್ಲಿ, ನಾನು ಅಪ್ಪನ ಮರಾಠಿಯನ್ನು ತಿದ್ದುತ್ತ. ಒಂಬತ್ತನೆಯದರಲ್ಲಿ ದುರ್ಗಾ ಮರಳಿನ ರಾಶಿಯ ಮೇಲೆ ಕೂತಿದ್ದಳು. ಶಾಲೆ ತೆರೆದು ಮೂರು ದಿನವಾಗಿತ್ತು. ಅದು ಅವಳಿಗೂ ಗೊತ್ತಿತ್ತು. ನನ್ನನ್ನು ಕಂಡು ಮಗ್ಗಿ ಹೇಳಲಿಲ್ಲ.

ಸಾಬವ್ವ ಇಟ್ಟಿಗೆ ಹೊತ್ತು ಮೇಲೆ ಹೋಗುತ್ತಿದ್ದಳು. ಅಪ್ಪನನ್ನು ನೋಡಿಯೂ ನಿಲ್ಲಲಿಲ್ಲ. ಇಳಿಸಿ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ ನಿಂತಳು.

"ಸುಣ್ಣ ಹಾಕಿದ್ದು ನಾನು ಸಾಬವ್ವ. ನೀನು ತೊಳೆದದ್ದು ಸರಿಯೇ ಇತ್ತು" ಎಂದರು ಅಪ್ಪ.

"ನಾ ಅವತ್ತ ಹೇಳಿದ್ನಲ್ರೀ ಸಾವ್ಕಾರ್ರ. ಒಂದು ಮಾತು ನಂಬಿದ್ರ ಆಗ್ತಿತ್ತು."

ಅಪ್ಪ ತಲೆಯಾಡಿಸಿದರು. ಭೀಮಣ್ಣನಿಗೆ ಮನಸ್ಸಿರಲಿಲ್ಲ. ನಾಳೆ ಮತ್ತೇನಾದರೂ ಕೆಟ್ಟರೆ ಮತ್ತೆ ಇವಳ ತಲೆಗೇ ಬರುತ್ತದೆ, ಇಟ್ಟಿಗೆಯಾದರೆ ಯಾರೂ ರುಚಿ ನೋಡುವುದಿಲ್ಲ ಎಂದ. ಸಾಬವ್ವ ಮಗಳ ಕಡೆ ಒಮ್ಮೆ ನೋಡಿ ಎರಡು ಷರತ್ತು ಹಾಕಿದಳು. ಬಾಟಲಿ ತೊಳೆಯುವಾಗ ಸಾವ್ಕಾರರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಬೇಕು, ತುಂಬುವವರೆಗೆ ಬಾಟಲಿಯನ್ನು ಬೇರೆ ಯಾರೂ ಮುಟ್ಟಕೂಡದು, ಸಾವ್ಕಾರರೂ ಮುಟ್ಟಕೂಡದು. ಭಾನುವಾರ ಅರ್ಧ ದಿನ ಬಿಡುವು ಎಂದು ನಿಮ್ಮ ಹೆಸರಿನಲ್ಲಿ ಮೂರನೆಯದನ್ನು ನಾನು ಸೇರಿಸಿದೆ. ಅಪ್ಪ ಮೂರಕ್ಕೂ ಒಪ್ಪಿದರು.

ಬಂದ ದಿನವೇ ಅವಳು ಹಲಗೆಗಳ ಮುಂದೆ ನಿಂತು ನನ್ನ ಆಡಳಿತದ ಅವಧಿಯನ್ನು ಪರಿಶೀಲಿಸಿ, "ಇದೇನ್ರಿ ತಮ್ಮಾ, ಬಾಟ್ಲಿ ಎಲ್ಲಾ ತಲಿ ತಿರುಗಿ ಬಿದ್ದಾವ" ಎಂದಳು. ಸರಿಹೋಗಲು ಇನ್ನೂ ಎರಡು ವಾರ ಬೇಕಂತೆ. ಆದ್ದರಿಂದ ಮೊದಲ ಬಾಟಲಿ ಡಿಸೆಂಬರ್ ಹತ್ತಕ್ಕೆ. ಆರುನೂರು ಕೆಂಪನ್ನು ಅಪ್ಪ ದಿನಕ್ಕಿಷ್ಟೆಂದು ಬಿಚ್ಚಿ ಚೆಲ್ಲುತ್ತಿದ್ದಾರೆ, ಒಬ್ಬರೇ. ಸಹಾಯಕ್ಕೆ ಹೋದರೆ ಬೇಡ ಎನ್ನುತ್ತಾರೆ.

ಇನ್ನು ಕೊನೆಯ ವಿಷಯ. ತಮ್ಮ ಶಿಫಾರಸಿನಂತೆ ಅಪ್ಪ ನನ್ನನ್ನು ಸಿಹಿಯ ಪ್ರಮಾಣ ನಿಶ್ಚಯಿಸುವ ಅಧಿಕಾರಿಯನ್ನಾಗಿ ನೇಮಿಸಿದ್ದಾರೆ. ಹತ್ತನೇ ತಾರೀಕು ನಿಮ್ಮ ಸಮಕ್ಷಮದಲ್ಲಿ ಐದು ಲೋಟ ಸಾಲಾಗಿ ಇಡುತ್ತಾರೆ, ನಾನು ರುಚಿ ನೋಡಿ ಒಂದನ್ನು ಆರಿಸಬೇಕು, ಉಳಿದ ಸಾವಿರದ ಚಿಲ್ಲರೆಗೂ ಅದೇ ಲೆಕ್ಕ. ಇವನಿಗೆ ಅಜ್ಜನ ನಾಲಿಗೆ ಬಂದಿದೆ ಎಂದು ಅಮ್ಮನಿಗೂ ಫೋನಿನಲ್ಲಿ ಹೇಳಿದ್ದಾರೆ. ಜೀವಮಾನದಲ್ಲಿ ನನ್ನ ವಿಷಯದಲ್ಲಿ ಅವರು ಹೆಮ್ಮೆಪಟ್ಟದ್ದು ಇದೇ ಮೊದಲು. ನಾಲ್ಕು ದಿನದಿಂದ ನಾನು ಅದರಲ್ಲೇ ತೇಲುತ್ತಿದ್ದೇನೆ.

ಅತ್ತೆ, ಒಂದು ಉಪಕಾರ ಮಾಡಬೇಕು. ಆ ಐದು ಲೋಟ ನನ್ನ ಮುಂದೆ ಬಂದಾಗ ನೀವು ಅವನ್ನು ಸಾಬವ್ವನ ಕಡೆ ಸರಿಸಿ, ಇವಳು ನೋಡಲಿ ಎನ್ನಬೇಕು. ಅಕ್ಕನ ಮಾತನ್ನು ಅಪ್ಪ ತೆಗೆದುಹಾಕುವುದಿಲ್ಲ. ನಾನೇ ಹೇಳಬಹುದಿತ್ತು. ಅಕ್ಟೋಬರಿನಲ್ಲೇ ಹೇಳಬಹುದಿತ್ತು. ಆಗ, ಆರೋಪಿಯ ನಾಲಿಗೆಯ ಸಾಕ್ಷ್ಯವನ್ನು ಯಾರು ನಂಬುತ್ತಾರೆ, ನನ್ನದೆಂದರೆ ಬೆಲೆ ಬಂದೀತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನಿಮ್ಮ ಹೊಗಳಿಕೆ ಬಂತು, ಬಾಯಿ ಕಟ್ಟಿತು.

ಇಲ್ಲಿಗೆ ಬಂದಂದಿನಿಂದ ಅಪ್ಪ ಕೊಟ್ಟ ಲೋಟವನ್ನೆಲ್ಲ, ಕೆಂಪಿನಲ್ಲಿ ಉಳಿದದ್ದನ್ನೂ, ನಾನು ಸಾಬವ್ವನ ಕೈಗೆ ದಾಟಿಸಿ, ಅವಳು ಹೇಳಿದ್ದನ್ನು ಬರೆದುಕೊಂಡು ನಿಮಗೆ ಕಳಿಸಿದ್ದೇನೆ. ನನಗೆ ವೈನಿನ ವಾಸನೆಗೇ ಸೀನು ಬರುತ್ತದೆ, ಇದುವರೆಗೆ ಒಂದು ತೊಟ್ಟನ್ನೂ ನುಂಗಿಲ್ಲ.

ಪ್ರಜ್ವಲ